ಫಿನಾಲೋ, ಫಿನಾಯಿಲೋ?

ಕಾಲಿನ ಹೆಬ್ಬೆರಳಿನ ಉಗುರು ಒಳಕ್ಕೆ ಚುಚ್ಚಿಕೊಂಡು ಬೆಳೆದರೆ ಡಾಕ್ಟರ್ ಬೇಕು ಅಂತ ಯಾರು ಹೇಳಿದ್ದು? ತುಮಕೂರಿನಲ್ಲಿ ಕುಂಟಿಕೊಂಡು ನಾಲ್ಕು ಹೆಜ್ಜೆ ಹಾಕಿ, ಸಾಕು. ಟೌನ್ ಹಾಲ್ ಸರ್ಕಲ್‌ನಿಂದ ಬಸ್ ಸ್ಟ್ಯಾಂಡ್ ಮುಟ್ಟುವಷ್ಟರಲ್ಲಿ ನನಗೆ ಐದು ಔಷಧಿ ಸಿಕ್ಕಿದವು. ನಿಂಬೆಹಣ್ಣು ಕೊರೆದು ಬೆರಳಿಗೆ ಟೋಪಿ ಹಾಕಿ. ಸುಣ್ಣ, ಬೆಲ್ಲ ಕಲಸಿ ಮೆತ್ತಿ. ಬಿಸಿ ಎಣ್ಣೆ, ಅರಿಶಿನ ಹಚ್ಚಿ. ತೋಟದವರೊಬ್ಬರು ಮೈಲುತುತ್ತದ ಹೆಸರೆತ್ತಿದರು. ಗಿಡದ ರೋಗಕ್ಕೆ ಆಗುತ್ತೆ, ಉಗುರಿಗೆ ಆಗಲ್ವಾ ಅಂತ ಅವರ ವಾದ. ಐದನೆಯವರು ಬ್ಯಾಟರಿ ಅಂಗಡಿಯವರು. ಅವರ ಸಲಹೆ ಬರೆಯಲ್ಲ, ಯಾರಾದರೂ ಮಾಡಿಬಿಡ್ತೀರಿ.

ತಪ್ಪು ನನ್ನದೇ. ಉಗುರನ್ನು ನೇರವಾಗಿ ಕತ್ತರಿಸದೆ ಮೂಲೆಯವರೆಗೂ ದುಂಡಗೆ ಕೊರೆದಿದ್ದೆ. ಮೇಲೆ ಮದುವೆಗೆ ಅಂತ ಬಿಗಿ ಬೂಟು.

ಡಾಕ್ಟರ್ ಲೆಕ್ಕ ಸರಳ. ಬೆರಳಿನ ಬುಡಕ್ಕೆ ಮರಗಟ್ಟುವ ಇಂಜೆಕ್ಷನ್. ಚುಚ್ಚುವ ಅಂಚನ್ನಷ್ಟೇ ಸೀಳಿ ತೆಗೆಯೋದು. ಆಮೇಲೆ ಉಗುರು ಹುಟ್ಟುವ ಜಾಗಕ್ಕೆ ಶೇಕಡ 88ರಷ್ಟು ಗಟ್ಟಿ ಫಿನಾಲ್ ಅನ್ನೋ ಸುಡುವ ರಾಸಾಯನಿಕದಲ್ಲಿ ಹತ್ತಿ ಅದ್ದಿ ಒಂದೆರಡು ನಿಮಿಷ ಒತ್ತೋದು. ಬೇರು ಸುಟ್ಟರೆ ಆ ಅಂಚು ಮತ್ತೆ ಕಾಟ ಕೊಡೋದು ಕಡಿಮೆ. ಕೆಲವು ವಾರ ನೀರು ಒಸರುತ್ತದೆ. ಫಿನಾಲ್ ಬದಲು ಶೇಕಡ 10ರ ಕಾಸ್ಟಿಕ್ ಸೋಡಾ ದ್ರಾವಣ ಬಳಸುವವರೂ ಇದ್ದಾರೆ.

ಮನೆಯಲ್ಲಿ ಹೇಳಿದೆ. "ಫಿನಾಯಿಲಾ? ಬಾತ್‌ರೂಮಲ್ಲಿ ಅರ್ಧ ಬಾಟ್ಲಿ ಇದೆಯಲ್ಲ, ಅದಕ್ಕ್ಯಾಕೆ ದುಡ್ಡು ಕೊಡ್ತೀರಿ?" ಅಂದಳು ನಮ್ಮನೆಯವಳು. ಭಾವಮೈದ ಕಾಸ್ಟಿಕ್ ಸೋಡಾ ಪರ ನಿಂತ. ಚರಂಡಿ ಕಟ್ಟಿಕೊಂಡಾಗ ತಂದಿದ್ದು ಮಿಕ್ಕಿದೆಯಂತೆ. ಅಲ್ಲಪ್ಪಾ, ಫಿನಾಲ್ ಅಂದ್ರೆ ಕಾರ್ಬಾಲಿಕ್ ಆಸಿಡ್, 1865ರಲ್ಲೇ ಗ್ಲಾಸ್ಗೋದಲ್ಲಿ ಲಿಸ್ಟರ್ ಅನ್ನೋ ಡಾಕ್ಟರ್ ಗಾಯಕ್ಕೆ ಹಾಕಿದ್ದರು ಅಂದೆ.

"ಹಂಗಾದ್ರೆ ಹಳೇ ಸ್ಟಾಕು ಭಾವ."

2016ರಲ್ಲಿ ನಮ್ಮೂರು ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿತು, ಅಗೆದಿದ್ದು ಮುಚ್ಚಿದ್ದು ಮತ್ತೆ ಅಗೆದಿದ್ದು ನಿಮಗೆ ಗೊತ್ತೇ ಇದೆ. ಅಂಚು ಕತ್ತರಿಸಿ ಬೇರು ಬಿಡೋದು ಅಂತ ಒಂದು ಹೋಲಿಕೆ ಬರೆಯೋಣ ಅಂತಿದ್ದೆ. ಬೇಡ, ಕಾಲು ನೋಯ್ತಿದೆ.

ಕ್ಲಿನಿಕ್ಕಿನ ಬೆಂಚಿನಲ್ಲಿ ಪಕ್ಕ ಕೂತಿದ್ದ ಅಜ್ಜನಿಗೆ ಸಕ್ಕರೆ ಕಾಯಿಲೆ. ಮೂರು ವಾರ ಸುಣ್ಣ ಬೆಲ್ಲ ಕಟ್ಟಿ, ಬೆರಳು ಕಪ್ಪಾದ ಮೇಲೆ ಬಂದಿದ್ದರು. "ನೋವೇ ಇರಲಿಲ್ಲ ಸ್ವಾಮಿ" ಅಂದರು. ಸಕ್ಕರೆ ಜಾಸ್ತಿಯಾಗಿ ಪಾದದ ನರ ಸತ್ತಿದ್ದರೆ ನೋವು ಎಲ್ಲಿಂದ ಬರಬೇಕು? ಇವರಿಗೆ ಸುಣ್ಣ ಕಟ್ಟಲು ಹೇಳಿದ ಮಹಾನುಭಾವರು ಒಬ್ಬರೂ ಜೊತೆಗೆ ಬಂದಿರಲಿಲ್ಲ. ಬಸ್ ಚಾರ್ಜಿಗೆ ಅಜ್ಜ ಪಂಚೆಯ ಗಂಟು ಬಿಚ್ಚಿ ಚಿಲ್ಲರೆ ಎಣಿಸುತ್ತಿದ್ದರು.