ನೆಲದಡಿಯ ನೀರು ಮತ್ತು ನಮ್ಮ ತಾಜ್ ಬಾವಡಿ

ಇಸ್ತಾಂಬುಲ್ ತಲುಪಿದ ಎರಡನೆಯ ದಿನ, ನೆಲದಡಿಯ ಒಂದು ಪುರಾತನ ಜಲಾಗಾರದಲ್ಲಿ ನಿಂತು, ನನ್ನ ಹೆಂಡತಿ ತನ್ನ ತವರೂರಿನ ಬಾವಡಿಯ, ಎಂದರೆ ಮೆಟ್ಟಿಲುಬಾವಿಯ, ಚಿತ್ರವನ್ನು ಒಬ್ಬ ಅಪರಿಚಿತ ಹೆಣ್ಣುಮಗಳಿಗೆ ತೋರಿಸಲು ಹೋಗಿ, ತೋರಿಸದೆ ಫೋನನ್ನು ಚೀಲದೊಳಗೆ ಇಟ್ಟುಕೊಂಡಳು. ಆ ಪ್ರವಾಸದಲ್ಲಿ ಕಂಡ ಗುಮ್ಮಟ, ಮಿನಾರು, ಅರಮನೆ, ಸಮುದ್ರ ಎಲ್ಲವೂ ಚೆಂದವೇ ಇದ್ದವು. ಆದರೆ ಮನಸ್ಸಿನಲ್ಲಿ ಮುಳ್ಳಿನಂತೆ ಉಳಿದದ್ದು ಆ ಒಂದು ಗಳಿಗೆ.

ನಾವಿಬ್ಬರೂ ವಿಜಯಪುರದವರು, ನೌಕರಿಯ ಸಲುವಾಗಿ ಪುಣೆಗೆ ಬಂದು ಇಪ್ಪತ್ತಾರು ವರ್ಷಗಳಾದವು. ದೇಶದಾಚೆ ಕಾಲಿಟ್ಟದ್ದು ಇದೇ ಮೊದಲು, ಅದೂ ಮಗ ಹಟ ಹಿಡಿದು ಟಿಕೆಟು ತೆಗೆಸಿದ ಮೇಲೆ. ಊರನ್ನು ಆರಿಸಿದವನು ಮಾತ್ರ ನಾನು. ನಮ್ಮೂರನ್ನು ಆಳಿದ ಆದಿಲ್‌ಶಾಹಿ ಮನೆತನದ ಮೂಲಪುರುಷ ಯೂಸುಫ್ ಆದಿಲ್ ಖಾನ್ ತುರ್ಕಿಯ ಸುಲ್ತಾನನ ಮಗನೆಂದೂ, ಜೀವ ಉಳಿಸಿಕೊಳ್ಳಲು ಊರು ಬಿಟ್ಟು ನಮ್ಮ ಕಡೆಗೆ ಬಂದನೆಂದೂ ಚಿಕ್ಕಂದಿನಿಂದ ಕೇಳಿ ಬೆಳೆದವರು ನಾವು. ಹಳೆಯ ಚರಿತ್ರೆಕಾರ ಫೆರಿಶ್ತಾ ಬರೆದಿಟ್ಟ ಈ ಕಥೆಯನ್ನು ಇತಿಹಾಸಕಾರರು ಅಷ್ಟಾಗಿ ನಂಬುವುದಿಲ್ಲ. ಆದರೆ ನಮ್ಮೂರಿನ ಶೆರ್ಜಾ ಬುರುಜಿನ ಮೇಲಿರುವ ಮಲಿಕ್-ಎ-ಮೈದಾನ್ ತೋಪನ್ನು 1549ರಲ್ಲಿ ಅಹ್ಮದ್‌ನಗರದಲ್ಲಿ ಎರಕ ಹೊಯ್ದವನು ಒಬ್ಬ ತುರ್ಕ ಎಂಬುದು ಖರೆ. ಹೀಗಾಗಿ ಪರದೇಶಕ್ಕೆ ಹೋಗುವ ಅಳುಕಿಗಿಂತ ಹಳೆಯ ಬೀಗರ ಊರಿಗೆ ಹೋಗುವ ಸಲುಗೆಯೇ ನಮ್ಮಲ್ಲಿ ಹೆಚ್ಚಾಗಿತ್ತು.

ಮೊದಲ ದಿನ ಹಾಗಿಯಾ ಸೋಫಿಯಾ ನೋಡಿದೆವು. 537ರಲ್ಲಿ ಕಟ್ಟಿ ಮುಗಿಸಿದ ಆ ಕಟ್ಟಡದ ಗುಮ್ಮಟದ ಅಡ್ಡಳತೆ ಸುಮಾರು 31 ಮೀಟರ್ ಎಂದು ತಿಳಿದಾಗ, ನನ್ನ ಹೆಂಡತಿ ಮೇಲೆ ನೋಡುತ್ತಲೇ, "ನಮ್ಮ ಗೋಳಗುಮ್ಮಟ ಇದಕ್ಕಿಂತ ದೊಡ್ಡದೈತಿ ಬಿಡ್ರಿ" ಎಂದಳು. ನಮ್ಮದು ಒಳಗಿನಿಂದಲೇ ಸುಮಾರು 38 ಮೀಟರ್ ಇದೆ. ಅವಳ ಮಾತಿನಲ್ಲಿ ತಪ್ಪಿರಲಿಲ್ಲ. ಆ ಹೆಮ್ಮೆಯಲ್ಲಿಯೇ ಮರುದಿನ ರಸ್ತೆ ದಾಟಿ, ಆ ಊರಿನವರು ಯೆರೆಬತಾನ್ ಎಂದು ಕರೆಯುವ ಜಲಾಗಾರಕ್ಕೆ ಇಳಿದೆವು.

ಮೇಲೆ ಟ್ರಾಮಿನ ಗದ್ದಲ, ಬಿಸಿಲು, ಜನಜಾತ್ರೆ. ಐವತ್ತು ಮೆಟ್ಟಿಲು ಇಳಿಯುವಷ್ಟರಲ್ಲಿ ಮಾತೆಲ್ಲ ಪಿಸುಮಾತಾಗುವಂಥ ತಂಪು. ಆರನೆಯ ಶತಮಾನದಲ್ಲಿ ಜಸ್ಟಿನಿಯನ್ ದೊರೆಯ ಕಾಲಕ್ಕೆ ಕಟ್ಟಿದ ಈ ಜಲಾಗಾರದಲ್ಲಿ ಸಾಲಿಗೆ 28ರಂತೆ 12 ಸಾಲು, ಒಟ್ಟು 336 ಕಂಬಗಳಿವೆ. ಒಂದೊಂದೂ 9 ಮೀಟರ್ ಎತ್ತರ. ಊರಾಚೆಯ ಕಾಡಿನಿಂದ ಕಾಲುವೆ, ಕಮಾನುಗಳ ಮೇಲೆ ಹಾಯಿಸಿ ತಂದ ನೀರನ್ನು ಇಲ್ಲಿ ತುಂಬಿಡುತ್ತಿದ್ದರು. ಇಂದು ಅದನ್ನು ಯಾರೂ ಕುಡಿಯುವುದಿಲ್ಲ. ಆದರೂ ತಳ ಕಾಣುವಂತೆ ಒಂದಿಷ್ಟು ತಿಳಿನೀರು ಇಟ್ಟಿದ್ದಾರೆ, ಅದರಲ್ಲಿ ಮೀನು ಆಡುತ್ತಿದ್ದವು, ಕಂಬಗಳ ಬುಡಕ್ಕೆ ಹಚ್ಚಿದ ದೀಪಗಳ ಬೆಳಕು ಬಣ್ಣ ಬದಲಿಸುತ್ತಿತ್ತು. ಕಣ್ಣೀರ ಹನಿಗಳಂಥ ಕೆತ್ತನೆಯ ಒಂದು ಕಂಬದ ಹತ್ತಿರ ನಾವು ನಿಂತಿದ್ದಾಗ ಇಟ್ಟಂಗಿಯ ಚಾವಣಿಯಿಂದ ಒಂದು ಹನಿ ನನ್ನ ಹೆಂಡತಿಯ ಮುಂಗೈ ಮೇಲೆ ಬಿತ್ತು. ಅದನ್ನು ಒರೆಸಿಕೊಳ್ಳದೆ, ಆರುವ ತನಕ ನೋಡುತ್ತ ನಿಂತಳು.

ನಮ್ಮ ಪಕ್ಕದಲ್ಲಿ ಅದೇ ದೇಶದ ಬೇರೆ ಊರಿನಿಂದ ಬಂದಿದ್ದ ಒಬ್ಬ ಶಿಕ್ಷಕಿ ಇದ್ದರು. ಅಷ್ಟಿಷ್ಟು ಇಂಗ್ಲಿಷಿನಲ್ಲಿ ಮಾತು ಬೆಳೆದು, ನಿಮ್ಮ ಕಡೆಯೂ ಇಂಥ ಹಳೆಯ ನೀರಿನ ಕಟ್ಟಡಗಳು ಇವೆಯೇ ಎಂದು ಕೇಳಿದರು. ನನ್ನ ಹೆಂಡತಿಯ ತವರುಮನೆ ಇರುವುದು ತಾಜ್ ಬಾವಡಿಯ ಓಣಿಯಲ್ಲಿ. ಅವಳ ಮುಖ ಅರಳಿತು. ಇವೆ, ಇದಕ್ಕಿಂತ ದೊಡ್ಡ ಕಮಾನಿನವು ಇವೆ ಎಂದು ಹೇಳಿ ಫೋನಿನಲ್ಲಿ ಹುಡುಕಿದಳು. ಪರದೆಯ ಮೇಲೆ ಬಂದ ಚಿತ್ರದಲ್ಲಿ ಕಮಾನು ಇತ್ತು, ಅದರ ಎರಡೂ ಮಗ್ಗುಲಿನ ಬುರುಜುಗಳಿದ್ದವು. ಅವುಗಳ ಕೆಳಗೆ ಪಾಚಿಗಟ್ಟಿದ ಹಸಿರು ನೀರು, ಬಾಟಲಿಗಳು, ಪ್ಲಾಸ್ಟಿಕ್ ಚೀಲಗಳು, ಬಣ್ಣ ಹೋಗಿ ಅರ್ಧ ಕರಗಿದ ಗಣಪತಿಯ ಮೂರ್ತಿಗಳು. ಸಿಗ್ನಲ್ ಸಿಗುತ್ತಿಲ್ಲ ಎಂದು ಆ ಶಿಕ್ಷಕಿಗೆ ಹೇಳಿದಳು. ಹೊರಗೆ ಬಂದ ಮೇಲೆ ನನ್ನ ಮುಖ ನೋಡದೆ, "ಸುಳ್ಳ ಹೇಳಿದೆ ನೋಡ್ರಿ" ಎಂದಳು.

ವಿಜಯಪುರವು ಹೊಳೆಯ ದಂಡೆಯ ಮೇಲೆ ಹುಟ್ಟಿದ ಊರಲ್ಲ, ಬರವನ್ನು ಕಂಡ ಊರು. ಆದ್ದರಿಂದಲೇ ಅಲ್ಲಿ ಆಳಿದವರು ಗುಮ್ಮಟಗಳಿಗಿಂತ ಮೊದಲು ನೀರಿನ ಯೋಚನೆ ಮಾಡಿದ್ದರು. ತೊರವಿಯ ಕಡೆಯಿಂದ ನೆಲದೊಳಗೆ ಸುರಂಗ ಕೊರೆದು ಊರಿಗೆ ನೀರು ತಂದರು. 1651ರಲ್ಲಿ ಬೇಗಂ ತಲಾಬ್ ಕಟ್ಟಿಸಿ, ಅಲ್ಲಿಂದ ಗಾರೆಯೊಳಗೆ ಹುದುಗಿಸಿದ ಮಣ್ಣಿನ ಕೊಳವೆಗಳಲ್ಲಿ ನೀರು ಹರಿಸಿದರು. ನೀರಿನ ಒತ್ತಡಕ್ಕೆ ಕೊಳವೆ ಒಡೆಯಬಾರದೆಂದು ದಾರಿಯುದ್ದಕ್ಕೂ ನಿಲ್ಲಿಸಿದ ಗಂಜ್‌ಗಳು, ಎಂದರೆ ಕಲ್ಲಿನ ನೀರಿನ ಗೋಪುರಗಳು, ಇಂದಿಗೂ ಓಣಿಗಳ ನಡುವೆ ನಿಂತಿವೆ. ಅವು ಏನೆಂದು ಪಕ್ಕದ ಮನೆಯವರನ್ನು ಕೇಳಿದರೆ ಹೇಳುವವರು ಕಡಿಮೆ. ಇನ್ನು ತಾಜ್ ಬಾವಡಿ 1620ರದು. ಎರಡನೆಯ ಇಬ್ರಾಹಿಂ ಆದಿಲ್‌ಶಾಹನ ರಾಣಿ ತಾಜ್ ಸುಲ್ತಾನಾಳ ಹೆಸರಿನಲ್ಲಿ ವಾಸ್ತುಶಿಲ್ಪಿ ಮಲಿಕ್ ಸಂದಲ್ ಕಟ್ಟಿಸಿದ್ದು. ನನ್ನ ಮಾವನವರು ಈಜು ಕಲಿತದ್ದು ಅದರಲ್ಲಿ. ಅವರ ಅವ್ವ ದಿನಕ್ಕೆ ನಾಲ್ಕು ಕೊಡ ಹೊತ್ತದ್ದು ಅದೇ ಮೆಟ್ಟಿಲುಗಳಿಂದ. ಆಮೇಲೆ ಕೃಷ್ಣೆಯ ನೀರು ನಳಕ್ಕೆ ಬಂತು, ಬಾವಡಿಯ ಕೆಲಸ ಮುಗಿಯಿತು, ಮುಗಿದ ದಿನದಿಂದಲೇ ಅದು ಕಸ ಎಸೆಯುವ ಜಾಗವಾಯಿತು.

ನನ್ನನ್ನು ಕಾಡುತ್ತಿರುವುದು ಇದೇ. ಕುಡಿಯುವ ನೀರನ್ನು ಎಲ್ಲರೂ ಜೋಪಾನ ಮಾಡುತ್ತಾರೆ. ಕೆಲಸ ಮುಗಿದ ನೀರನ್ನು ಹೇಗೆ ನೋಡಿಕೊಳ್ಳುತ್ತಾರೆ ಎಂಬುದರಲ್ಲಿ ಆ ಊರಿಗೂ ನಮ್ಮ ಊರಿಗೂ ಅಂತರ ಕಂಡಿತು. ಬಾಣಂತಿ ಮೊದಲ ಸಲ ಹೊಸ್ತಿಲು ದಾಟಿದರೆ ಗಂಗವ್ವನ ಪೂಜೆಗೆ ಬಾವಿಗೆ ಕರೆದುಕೊಂಡು ಹೋಗುವ ಜನ ನಾವು. ಅದೇ ಬಾವಿಗೆ ಪೂಜೆಯ ಬಾಡಿದ ಹೂವನ್ನು ಚೀಲದ ಸಮೇತ ಬಿಸಾಕಿ ಬರುವವರೂ ನಾವೇ, ಮತ್ತು ಹಾಗೆ ಮಾಡಿದ್ದು ಪಾಪವೆಂದು ನಮಗೆ ಅನಿಸುವುದೇ ಇಲ್ಲ.

ಮೂರನೆಯ ದಿನ ಬೆಳಿಗ್ಗೆ ನಾವು ಉಳಿದುಕೊಂಡಿದ್ದ ಬೀದಿಯಲ್ಲಿ ಒಬ್ಬ ಮುದುಕ ತನ್ನ ಅಂಗಡಿಯ ಬಾಗಿಲು ತೆರೆಯುವುದನ್ನು ನೋಡಿದೆ. ಆ ಊರಿನಲ್ಲಿ ಬೀದಿಯ ಬೆಕ್ಕುಗಳಿಗೆ ಲೆಕ್ಕವಿಲ್ಲ. ಆತ ದೀಪ ಹಚ್ಚುವ ಮೊದಲು, ಗಲ್ಲೆಯ ಹತ್ತಿರ ಹೋಗುವ ಮೊದಲು, ಬಾಗಿಲ ಬದಿಯಲ್ಲಿದ್ದ ಒಂದು ಸಣ್ಣ ಬೋಗುಣಿ ಎತ್ತಿಕೊಂಡು ಹಳೆಯ ನೀರು ಚೆಲ್ಲಿ, ಬೆರಳಿನಿಂದ ಅದರ ಅಂಚು ತಿಕ್ಕಿ ತೊಳೆದು, ಹೊಸ ನೀರು ತುಂಬಿ ಅಲ್ಲಿಯೇ ಇಟ್ಟ. ಒಂದು ಬೂದು ಬಣ್ಣದ ಬೆಕ್ಕು ಆತ ಒಳಗೆ ಹೋಗುವುದನ್ನೂ ಕಾಯದೆ ಬಂದು ಬಾಯಿ ಹಾಕಿತು. ಆಮೇಲೆ ನೋಡಿದರೆ ಬಾಗಿಲು ಬಾಗಿಲಿಗೂ ಅಂಥ ಬೋಗುಣಿಗಳು. ಹಳೆಯ ಅರಮನೆಯ ಹೆಬ್ಬಾಗಿಲಿನ ಮುಂದೆ, 1728ರಲ್ಲಿ ದಾರಿಹೋಕರ ನೀರಡಿಕೆಗಾಗಿ ಕಟ್ಟಿಸಿದ ಕಾರಂಜಿಯ ಮಂಟಪವೊಂದಿದೆ. ಅದರ ಬಂಗಾರದ ಅಕ್ಷರಗಳು ಇಂದಿಗೂ ಹೊಳೆಯುತ್ತವೆ. ಇದೆಲ್ಲ ನೋಡುತ್ತ ಹೋದಂತೆ ನನಗೆ ನಮ್ಮೂರಿನ ಮೇಲೆ ಸಿಟ್ಟೇ ಬಂತು. ಗೋಳಗುಮ್ಮಟದ ಅಳತೆ ಹೇಳಿ ಎದೆಯುಬ್ಬಿಸುವ ನಮಗೆ ಅದನ್ನು ಕಟ್ಟಿದ ಊರಿನ ದಾಹ ತೀರಿಸಿದ ಬಾವಡಿ ಬೇಡವಾಗಿದೆ.

ಆದರೆ ಕೆಲವು ಮಾತುಗಳನ್ನು ನಾನು ಒಪ್ಪಿಕೊಳ್ಳಲೇಬೇಕು. ಯೆರೆಬತಾನ್‌ನ ಚರಿತ್ರೆಯನ್ನು ಮಗ ಆ ರಾತ್ರಿ ಫೋನಿನಲ್ಲಿ ಓದಿ ಹೇಳಿದ. ಆ ಜಲಾಗಾರವನ್ನು ಆ ಊರೂ ಮರೆತೇ ಬಿಟ್ಟಿತ್ತಂತೆ. ಅದರ ಮೇಲೆ ಮನೆಗಳೆದ್ದಿದ್ದವು. 1545ರ ಹೊತ್ತಿಗೆ ಬಂದ ಪೆಟ್ರಸ್ ಗಿಲಿಯಸ್ ಎಂಬ ಫ್ರೆಂಚ್ ವಿದ್ವಾಂಸ, ಜನ ತಮ್ಮ ಮನೆಯ ನೆಲದ ಕಿಂಡಿಯಿಂದ ಬಕೀಟು ಇಳಿಬಿಟ್ಟು ನೀರು ಸೇದುವುದನ್ನೂ ಮೀನು ಹಿಡಿಯುವುದನ್ನೂ ಕೇಳಿ ತಿಳಿದು ಅದನ್ನು ಪತ್ತೆ ಹಚ್ಚಿದ. 1985ರಲ್ಲಿ ಶುರುವಾದ ಕೆಲಸದಲ್ಲಿ 50,000 ಟನ್ ಕೆಸರು ಹೊರಗೆ ತೆಗೆದ ಮೇಲೆಯೇ, 1987ರಲ್ಲಿ, ಅದು ನೋಡಲು ಬರುವವರಿಗೆ ತೆರೆಯಿತು. ಎಂದರೆ ನನ್ನ ಹೆಂಡತಿ ಬಾವಡಿಯ ಓಣಿಯಲ್ಲಿ ಕುಂಟಾಬಿಲ್ಲೆ ಆಡುತ್ತಿದ್ದ ಕಾಲಕ್ಕೆ ಅದರಲ್ಲಿಯೂ ಕೆಸರೇ ಇತ್ತು. ಇಸ್ತಾಂಬುಲ್ ಶತಮಾನಗಳ ಕಾಲ ರಾಜಧಾನಿಯಾಗಿ ಉಳಿದ ಊರು. ಹಾಗಿಯಾ ಸೋಫಿಯಾ ನೋಡಲು ನಮ್ಮಂಥ ಪರದೇಶದವರು ತಲೆಗೆ 25 ಯೂರೋ ಕೊಡುತ್ತೇವೆ. ನಮ್ಮೂರು 1686ರಲ್ಲಿ ಔರಂಗಜೇಬನ ಕೈಗೆ ಬಿದ್ದ ಮೇಲೆ ಹಾಳು ಸುರಿದದ್ದು, ಎಷ್ಟೋ ಕಾಲ ಗೋಡೆಗಳ ನಡುವೆ ಜನರೇ ಇಲ್ಲದಂತಾದದ್ದು. ಕೆಲವು ವರ್ಷಗಳ ಹಿಂದೆ ಬಾವಡಿಗಳ ಹೂಳನ್ನೂ ತೆಗೆಸಿದ್ದಾರೆ. ಫೋನಿನಲ್ಲಿ ಬಂದ ಆ ಚಿತ್ರ ಅದಕ್ಕಿಂತ ಹಿಂದಿನದು.

ಮತ್ತೊಂದು ಮಾತು. ಗಲಾಟಾ ಸೇತುವೆಯ ಮೇಲೆ ಗಾಳ ಹಾಕಿ ನಿಂತವರ ಸಾಲು ದಾಟಿ ಬರುವಷ್ಟರಲ್ಲಿ ನನ್ನ ಹೆಂಡತಿಗೆ ಬಿಸಿಲು ತಡೆಯಲಾಗಲಿಲ್ಲ. ಅಂಗಡಿಯವರು ಒಳ್ಳೆಯವರೇ, ಕುಳಿತುಕೊಳ್ಳಲು ಕುರ್ಚಿ ಕೊಟ್ಟರು. ನೀರಿನ ಬಾಟಲಿಗೆ ಮಾತ್ರ ದುಡ್ಡು ಎಣಿಸಿಕೊಂಡರು. ನಮ್ಮಲ್ಲಿ ಯುಗಾದಿ ಕಳೆದರೆ ಸಾಕು, ಹಸಿ ಬಟ್ಟೆ ಸುತ್ತಿದ ಮಡಕೆಗಳ ಅರವಟ್ಟಿಗೆ ಬೀದಿಗೆ ಬರುತ್ತವೆ, ಬಟ್ಟೆಯಂಗಡಿಗೆ ಹೋದರೂ ಕೇಳುವ ಮೊದಲ ಮಾತು "ಬಿಸಿಲಾಗ ಬಂದೀರಿ, ನೀರು ಕುಡೀರಿ" ಎಂಬುದೇ. ಎಂಟು ದಿನಕ್ಕೊಮ್ಮೆ ನಳ ಬರುವ ದಿನಗಳಲ್ಲೂ ಆ ಮಾತು ತಪ್ಪಿದ್ದನ್ನು ನಾನು ಕಂಡಿಲ್ಲ.

ಆ ಸಂಜೆಯೇ ಅವಳು ತನ್ನ ಅಣ್ಣನ ಮಗನಿಗೆ, ಬಾವಡಿಯ ಈಗಿನ ಫೋಟೋ ತೆಗೆದು ಕಳಿಸು ಎಂದು ಸಂದೇಶ ಹಾಕಿದ್ದಳು. ಮರುದಿನ ನಾವು ಹಡಗಿನಲ್ಲಿ ಆಚೆ ದಂಡೆಗೆ ಹೋಗುತ್ತಿರುವಾಗ ಅದು ಬಂತು. ಕಮಾನಿನ ಮೇಲೆ ಪಾರಿವಾಳಗಳು, ಕೆಳಗೆ ಹಸಿರಾದರೂ ಕಸವಿಲ್ಲದ ನೀರು, ಮೆಟ್ಟಿಲ ಬದಿಗೆ ಒಂದು ಕರೀ ಪ್ಲಾಸ್ಟಿಕ್ ಚೀಲ. ಜೊತೆಗೆ ಹುಡುಗ ಬರೆದಿದ್ದ: "ಅತ್ತಿ, ಚೀಲ ಬರಬಾರದಂತ ಎರಡು ಸಲ ಜಾಗಾ ಬದಲಿ ಮಾಡಿದೆ, ಆದ್ರೂ ಒಂದು ಬಂದೈತಿ." ಅವಳು ಗಾಳಿಗೆ ಹಾರುತ್ತಿದ್ದ ಸೆರಗನ್ನು ಒಂದು ಕೈಯಲ್ಲಿ ಹಿಡಿದುಕೊಂಡು ಇನ್ನೊಂದು ಕೈಯಿಂದ ಉತ್ತರ ಒತ್ತಿದಳು: "ಮೊದಲ ಆ ಚೀಲ ತಗದು ಕಸದ ಡಬ್ಬ್ಯಾಗ ಹಾಕು. ಆಮ್ಯಾಲ ಇನ್ನೊಂದು ಫೋಟೋ ಕಳಸು."