ಬಾಯಿಗೆ ಏನು ಹಾಕಿದ್ದೀರಿ ಎಂದು ಬರೆದು ಕೊಡಿ

ಹಲ್ಲಿನ ಡಾಕ್ಟರರಲ್ಲಿ ನನ್ನದೊಂದು ಬೇಡಿಕೆ. ಕ್ಯಾಪ್ ಕೂರಿಸಿದರೂ ಸರಿ, ಹುಳುಕು ತುಂಬಿಸಿದರೂ ಸರಿ, ಅದು ಯಾವ ವಸ್ತುವಿನದು ಎಂದು ಚೀಟಿಯಲ್ಲಿ ಬರೆದು ಕೊಡಿ. ‘ಕ್ಯಾಪ್ – ಒಂದು’ ಎಂದಷ್ಟೇ ಬರೆದರೆ ಸಾಲದು.

ತೀರ್ಥಹಳ್ಳಿ ಕಡೆಯ ನಮ್ಮ ಚಿಕ್ಕಮ್ಮ ಹೋದ ವರ್ಷ ದವಡೆ ಹಲ್ಲಿಗೆ ಕ್ಯಾಪ್ ಹಾಕಿಸಿಕೊಂಡರು. ಕೆಲವು ವಾರಗಳಲ್ಲಿ ಸುತ್ತಲಿನ ಒಸಡು ಕೆಂಪಾಗಿ ಊದಿತು. ಕೆನ್ನೆಯ ಒಳಗೆ, ಸರಿಯಾಗಿ ಕ್ಯಾಪ್ ತಾಗುವ ಜಾಗದಲ್ಲೇ, ಬಲೆ ಹೆಣೆದಂತಹ ಬಿಳಿ ಗೆರೆಗಳು. ಅಪ್ಪೆಹುಳಿ ಬಾಯಿಗಿಟ್ಟರೆ ಕಣ್ಣಲ್ಲಿ ನೀರು. ನಮ್ಮಲ್ಲಿ ಬಾಯುರಿ ಎಂದರೆ ಮೊದಲ ಗುಮಾನಿ ಅಡಿಕೆಯ ಮೇಲೆ. ಅದು ತಪ್ಪೂ ಅಲ್ಲ, ಅಡಿಕೆ ಜಗಿದು ಬಾಯಿ ಬಿಗಿಯುವ ಕಾಯಿಲೆಯೂ ಉರಿಯಿಂದಲೇ ಶುರುವಾಗುತ್ತದೆ. ಆದರೆ ಚಿಕ್ಕಮ್ಮ ಎಲೆಅಡಿಕೆಯ ಕವಳ ಬಿಟ್ಟು ಎಷ್ಟೋ ಕಾಲವಾಗಿತ್ತು.

ಶಿವಮೊಗ್ಗದ ಚರ್ಮದ ಡಾಕ್ಟರು ಮೊದಲು ಕೇಳಿದ್ದು ಕಿವಿಯ ಬಗ್ಗೆ. ರೋಲ್ಡ್ ಗೋಲ್ಡ್ ಓಲೆ ಹಾಕಿದರೆ ಚಿಕ್ಕಮ್ಮನ ಕಿವಿ ರಸಿಕೆ ಸೋರುತ್ತದೆ. ಮದುವೆಮನೆಯಿಂದ ಬಂದ ಕೂಡಲೇ ಓಲೆ ಕಳಚಿ ಕಡ್ಡಿ ಸಿಕ್ಕಿಸಿಕೊಳ್ಳುವುದನ್ನು ನಾವೆಲ್ಲ ನೋಡಿದ್ದೇವೆ. ಅಂತಹ ಓಲೆಗಳಲ್ಲೂ ಕಡಿಮೆ ಬೆಲೆಯ ಬಹಳಷ್ಟು ಲೋಹದ ಕ್ಯಾಪ್‌ಗಳಲ್ಲೂ ನಿಕಲ್ ಇರುತ್ತದೆ. ಅನುಮಾನದ ವಸ್ತುಗಳನ್ನು ಚೂರು ಚೂರು ಹಚ್ಚಿದ ಪ್ಯಾಚ್ (ಪಟ್ಟಿ) ಬೆನ್ನಿಗೆ ಅಂಟಿಸಿ, 48 ಗಂಟೆಗಳ ನಂತರ ತೆಗೆದು ನೋಡಿ, ಮತ್ತೊಂದೆರಡು ದಿನ ಬಿಟ್ಟು ಪುನಃ ನೋಡಿದರು. ನಿಕಲ್ ತಾಗಿದ ಜಾಗದಲ್ಲಿ ಸಣ್ಣ ಸಣ್ಣ ಗುಳ್ಳೆಗಳು ಎದ್ದಿದ್ದವು. ಈ ಅಲರ್ಜಿ ತಡವಾಗಿ ತಲೆ ಎತ್ತುತ್ತದೆ, ಅಷ್ಟರಲ್ಲಿ ಕ್ಯಾಪಿನ ಮೇಲೆ ಯಾರಿಗೂ ಅನುಮಾನ ಉಳಿದಿರುವುದಿಲ್ಲ.

ಕ್ಯಾಪ್ ಹಾಕಿದಲ್ಲಿ ವಿಚಾರಿಸಿದರೆ ‘ಮೆಟಲ್, ಲ್ಯಾಬಿನಿಂದ ಬಂದದ್ದು’ ಎಂದರು. ಯಾವ ಮೆಟಲ್? ಗೊತ್ತಿಲ್ಲ. ನನಗೆ ಸಿಟ್ಟು ಬಂದದ್ದೇ ಅಲ್ಲಿ. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ ಮೈಲುತುತ್ತ ಎಷ್ಟು, ಸುಣ್ಣ ಎಷ್ಟು ಎಂದು ನಿದ್ದೆಯಲ್ಲೂ ಹೇಳುವ ಊರು ನಮ್ಮದು. ವರ್ಷಗಟ್ಟಲೆ ಬಾಯಲ್ಲೇ ಇರುವ ಲೋಹದ ಹೆಸರು ಮಾತ್ರ ಯಾರ ಬಳಿಯೂ ಇಲ್ಲ.

ನಿಕಲ್ ಒಂದೇ ಅಲ್ಲ. ಹುಳುಕಿಗೆ ತುಂಬುವ ಬೆಳ್ಳಿ ಸಿಮೆಂಟಿನ (ಅಮಾಲ್ಗಮ್) ಸುಮಾರು ಅರ್ಧ ಭಾಗ ಪಾದರಸ, ಅದು ತಾಗುವಲ್ಲೂ ಇಂಥದೇ ಗೆರೆಗಳು ಮೂಡಬಹುದು. ಬಿಳಿ ಸಿಮೆಂಟಿನಲ್ಲಿ, ಹಲ್ಲಿನ ಸೆಟ್ಟಿನಲ್ಲಿ ಪೂರ್ತಿ ಗಟ್ಟಿಯಾಗದೆ ಉಳಿದ ಅಕ್ರಿಲಿಕ್ ರಾಸಾಯನಿಕ ಕೆಲವರಿಗೆ ಆಗುವುದಿಲ್ಲ. ತಾತ್ಕಾಲಿಕ ಸಿಮೆಂಟಿನ ಲವಂಗದೆಣ್ಣೆಯ ಅಂಶವೂ ಹಾಗೆಯೇ. ಇವೆಲ್ಲ ಕೆಲವರಿಗಷ್ಟೇ ಬರುವ ತೊಂದರೆಗಳು. ಬಾಯುರಿಗೆ ರಕ್ತಹೀನತೆ, ಬಿ12 ಕೊರತೆ, ಸಕ್ಕರೆ ಕಾಯಿಲೆ, ಫಂಗಸ್ ಕೂಡ ಕಾರಣವಾಗಬಹುದು, ಮೊದಲು ಅವನ್ನು ನೋಡಿಸಿಕೊಳ್ಳಿ. ಯುರೋಪಿಯನ್ ಒಕ್ಕೂಟ 2025ರ ಜನವರಿಯಿಂದ ಬೆಳ್ಳಿ ಸಿಮೆಂಟನ್ನು ಬಹುಮಟ್ಟಿಗೆ ನಿಲ್ಲಿಸಿದೆ ಎಂದು ಕೇಳಿ, ಚೆನ್ನಾಗಿರುವ ಹಳೆಯದನ್ನು ಕೀಳಿಸಲು ಓಡಬೇಡಿ. ಕೊರೆಯುವಾಗಲೇ ಪಾದರಸದ ಆವಿ ಹೆಚ್ಚು ಏಳುವುದು.

ಚಿಕ್ಕಮ್ಮ ಈಗ ಆ ಕ್ಯಾಪ್ ತೆಗೆಸಿ, ಜಿರ್ಕೋನಿಯಾ ಎಂಬ ಪಿಂಗಾಣಿಯಂತಹ ವಸ್ತುವಿನದು ಹಾಕಿಸಿಕೊಂಡಿದ್ದಾರೆ, ಗೆರೆಗಳು ನಿಧಾನವಾಗಿ ಮಾಸಿವೆ. ಅದು ದುಬಾರಿ, ಎಲ್ಲರ ಕೈಗೆ ಎಟುಕದು. ಡಾಕ್ಟರರೇ, ಲೋಹದ್ದೇ ಹಾಕಿ, ನಿಕಲ್ ಇಲ್ಲದ ಲೋಹವೂ ಸಿಗುತ್ತದೆ. ಹಾಕುವ ಮೊದಲು ‘ಓಲೆ, ವಾಚು ತಾಗಿದರೆ ತುರಿಕೆ ಬರುತ್ತದೆಯೇ’ ಎಂದು ರೋಗಿಯನ್ನು ಕೇಳಿ. ಲ್ಯಾಬ್ ಚೀಟಿಯ ಒಂದು ಪ್ರತಿಯನ್ನು ರೋಗಿಯ ಕೈಗೆ ಕೊಡಿ.