ಕಾರಿನ ಮೂತಿ ಇಳಿಸಿದ ಕಥೆ

ಮುಂದಿನ ಚಕ್ರಕ್ಕೂ ಮಡ್‌ಗಾರ್ಡ್‌ಗೂ ನಡುವೆ ನಾಲ್ಕು ಬೆರಳು ಹೋಗುವಷ್ಟು ಸಂದು. ಹಿಂದೆ ನೋಡಿದರೆ ಎರಡೇ ಬೆರಳು. ಕಾರು ನಿಲ್ಲಿಸಿ ಪಕ್ಕದಿಂದ ನೋಡಿದಾಗಲೆಲ್ಲ ಆ ಸಂದೇ ಕಣ್ಣಿಗೆ ಚುಚ್ಚುತ್ತಿತ್ತು. ಕೊನೆಗೆ ತಡೆಯಲಾರದೆ, ಕಾರಿನ ಮೂತಿ ತಗ್ಗಲಿ ಅಂತ ಮುಂದಿನ ಎರಡೂ ಸ್ಪ್ರಿಂಗ್ ಬಿಚ್ಚಿಸಿ, ಗ್ರೈಂಡರ್‌ನಲ್ಲಿ ಒಂದೊಂದು ಸುತ್ತು ಕಟ್ ಮಾಡಿಸಿದೆ.

ನೋಡಲು ಸಕತ್ತಾಗಿತ್ತು, ಸುಳ್ಳು ಯಾಕೆ ಹೇಳಲಿ. ಮೊದಲ ಹಂಪ್ ಬರುವ ತನಕ ಓಡಿಸಲೂ ಚೆನ್ನಾಗಿತ್ತು.

ಧಡ್! ಅದು ಬಂಪ್ ಸ್ಟಾಪ್‌ಗೆ, ಅಂದರೆ ಚಕ್ರ ಇನ್ನೂ ಮೇಲಕ್ಕೆ ಬರದಂತೆ ತಡೆಯುವ ರಬ್ಬರ್ ತುಂಡಿಗೆ, ಹೊಡೆದ ಸದ್ದು. ಗುಂಡಿ ಬಂದಾಗ ಚಕ್ರ ಮೇಲಕ್ಕೆ ಬರಲು ಸ್ಟ್ರಟ್‌ನಲ್ಲಿ (ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಎರಡೂ ಸೇರಿದ ಕಂಬ) ಇಷ್ಟೇ ಅಂತ ಜಾಗ ಇರುತ್ತದೆ. ಆ ಜಾಗದಲ್ಲಿ ಸುಮಾರು ಪಾಲನ್ನು ಕಾರು ನಿಂತಲ್ಲೇ ಇರುವಾಗ ನಾನು ತಿಂದು ಹಾಕಿದ್ದೆ. ಕಟ್ ಮಾಡಿದರೆ ಸ್ಪ್ರಿಂಗ್ ಮೆತ್ತಗಾಗುತ್ತದೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ, ಆದರೆ ಆಗುವುದು ಉಲ್ಟಾ. ಸ್ಪ್ರಿಂಗ್‌ನಲ್ಲಿ ಕುಗ್ಗಿ ಹಿಗ್ಗಿ ಆಡುವ ಸುತ್ತು 6 ಇದ್ದದ್ದು 5 ಆದರೆ ಸ್ಪ್ರಿಂಗ್ ಶೇ. 20ರಷ್ಟು ಗಟ್ಟಿಯಾಗುತ್ತದೆ. ಶಾಕ್ ಅಬ್ಸಾರ್ಬರ್ ಮಾತ್ರ ಹಳೇ ಸ್ಪ್ರಿಂಗ್‌ನ ಲೆಕ್ಕದಲ್ಲೇ ಕೆಲಸ ಮಾಡುತ್ತಿರುತ್ತದೆ, ಹಾಗಾಗಿ ಕಾರು ಒಂದು ಸಲ ಕುಣಿದರೆ ಬೇಗ ನಿಲ್ಲುವುದಿಲ್ಲ. ಒಮ್ಮೆ ಜಾಕ್ ಹಾಕಿ ಎತ್ತಿದಾಗ ನೋಡುತ್ತೇನೆ, ಸ್ಪ್ರಿಂಗ್ ತನ್ನ ಸೀಟಿನಲ್ಲಿ ಕೂತೇ ಇಲ್ಲ, ಕೈಯಲ್ಲಿ ಹಿಡಿದು ತಿರುಗಿಸಬಹುದಿತ್ತು! ಅವತ್ತು ನಿಜಕ್ಕೂ ಹೆದರಿದೆ. (ಕಟ್ ಮಾಡುವ ಬದಲು ಗ್ಯಾಸ್ ಟಾರ್ಚ್‌ನಲ್ಲಿ ಕಾಯಿಸಿ ಸ್ಪ್ರಿಂಗ್ ಕುಗ್ಗಿಸುವವರೂ ಇದ್ದಾರೆ. ಉಕ್ಕಿನ ಹದವೇ ಹೋಗಿಬಿಡುತ್ತದೆ. ಅವರ ಧೈರ್ಯಕ್ಕೆ ದೊಡ್ಡ ನಮಸ್ಕಾರ.)

ಆಮೇಲೆ ಟೈರ್. ಹೊರಗಿನಿಂದ ನೋಡಿದರೆ ಹೊಸದರ ಹಾಗೇ ಇತ್ತು. ಒಳಗಿನ ಅಂಚಿಗೆ ಬೆರಳು ಹಾಕಿದರೆ ನುಣ್ಣಗೆ, ಒಂದು ಕಡೆ ತಂತಿ ಚುಚ್ಚಿತು. ಎತ್ತರ ಬದಲಾದಾಗ ಲೋವರ್ ಆರ್ಮ್ (ಚಕ್ರವನ್ನು ಕೆಳಗಿನಿಂದ ಹಿಡಿದಿಡುವ ತೋಳು) ಮತ್ತು ಟೈ ರಾಡ್ (ಸ್ಟೀರಿಂಗ್‌ನಿಂದ ಚಕ್ರಕ್ಕೆ ಹೋಗುವ ಸರಳು) ಎರಡರ ಕೋನವೂ ಬದಲಾಗುತ್ತದೆ, ಅದರ ಜೊತೆ ಟೋ (ಮೇಲಿನಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರುವುದು), ಕ್ಯಾಂಬರ್ (ಮುಂದಿನಿಂದ ನೋಡಿದಾಗ ಚಕ್ರ ವಾಲಿರುವುದು) ಎಲ್ಲ ಕೆಡುತ್ತದೆ. ಈ ಕೋನಗಳನ್ನು ಸರಿ ಮಾಡುವ ಅಲೈನ್‌ಮೆಂಟ್ ನಾನು ಮಾಡಿಸಿರಲಿಲ್ಲ. ಸುಮ್ನೆ ಸೋಮಾರಿತನ, ಬೇರೆ ಕಾರಣ ಇಲ್ಲ.

ಆದರೆ ಯಾರೂ ಹೇಳದ ವಿಷಯ ಹೆಡ್‌ಲೈಟ್. ಹಿಂದೆ ಹಾಗೇ ಬಿಟ್ಟು ಮುಂದೆ ಮಾತ್ರ ಇಳಿಸಿದರೆ ಇಡೀ ಕಾರು ಮುಂದಕ್ಕೆ ವಾಲುತ್ತದೆ ಅಲ್ವಾ, ಲೈಟೂ ಅದರ ಜೊತೆಗೇ ತಲೆ ತಗ್ಗಿಸುತ್ತದೆ. ನೆಲದಿಂದ 650 ಮಿಲಿಮೀಟರ್ ಎತ್ತರದಲ್ಲಿರುವ ಲೈಟು ಶೇ. 1ರಷ್ಟು ಇಳಿಜಾರಿನಲ್ಲಿ ಸೆಟ್ ಆಗಿದ್ದರೆ 65 ಮೀಟರ್ ದೂರದಲ್ಲಿ ನೆಲ ಮುಟ್ಟುತ್ತದೆ. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ 2500 ಮಿಲಿಮೀಟರ್ ಇರುವ ಕಾರಿನ ಮೂತಿಯನ್ನು 30 ಮಿಲಿಮೀಟರ್ ಇಳಿಸಿ, ಅದೇ ಲೈಟು 28 ಮೀಟರ್‌ಗೇ ನಿಲ್ಲುತ್ತದೆ. ಬಲ್ಬ್ ಹಳೇದಾಯ್ತು ಅಂತ ನಾನು ಎರಡು ಸಲ ಬಲ್ಬ್ ಬದಲಾಯಿಸಿದ್ದೆ! ವಾಲಿದ ಕಾರಣಕ್ಕೆ ಕ್ಯಾಸ್ಟರ್ (ಚಕ್ರ ತಿರುಗುವ ಅಕ್ಷ ಹಿಂದಕ್ಕೆ ವಾಲಿರುವ ಕೋನ) ಕೂಡ ಸ್ವಲ್ಪ ಕಮ್ಮಿಯಾಗಿ, ತಿರುವು ಮುಗಿದ ಮೇಲೆ ಸ್ಟೀರಿಂಗ್ ತಾನಾಗಿ ವಾಪಸ್ ಬರುವುದು ನಿಧಾನವಾಗಿತ್ತು.

ಇಳಿಸಲೇಬಾರದು ಅಂತ ನಾನು ಹೇಳುತ್ತಿಲ್ಲ. ನನ್ನ ಕಾರು ಈಗಲೂ ತಗ್ಗಾಗಿಯೇ ಇದೆ. ಕಟ್ ಮಾಡಿದ ಸ್ಪ್ರಿಂಗ್ ಕಿತ್ತೆಸೆದು, ಗಿಡ್ಡವಾಗಿಯೇ ತಯಾರಾದ ಸ್ಪ್ರಿಂಗ್ ಮತ್ತು ಅದಕ್ಕೆ ಹೊಂದುವ ಶಾಕ್ ಅಬ್ಸಾರ್ಬರ್ ನಾಲ್ಕೂ ಕಡೆ ಹಾಕಿಸಿದೆ. ಮುಂದೆ 25 ಮಿಲಿಮೀಟರ್, ಹಿಂದೆ ಅದಕ್ಕಿಂತ ಕಮ್ಮಿ. ಅದಾದ ಮೇಲೆ ಅಲೈನ್‌ಮೆಂಟ್, ಹೆಡ್‌ಲೈಟ್ ಸೆಟ್ಟಿಂಗ್. ಸಂದು ಈಗ ಎರಡೂವರೆ ಬೆರಳು, ಅಷ್ಟು ಸಾಕು.

ಮಾಡಿಸುವವರಿಗೆ ಒಂದು ಮಾತು. ಲೋವರ್ ಆರ್ಮ್‌ನ ಬುಡದಲ್ಲಿರುವ ರಬ್ಬರ್ ಬುಷ್‌ನ ಬೋಲ್ಟನ್ನು ಚಕ್ರ ಗಾಳಿಯಲ್ಲಿ ನೇತಾಡುವಾಗ ಪೂರ್ತಿ ಬಿಗಿ ಮಾಡಲು ಬಿಡಬೇಡಿ. ಕಾರಿನ ಭಾರ ಚಕ್ರದ ಮೇಲೆ ಕೂತ ಮೇಲೆಯೇ ಟೈಟ್ ಮಾಡಬೇಕು. ಇಲ್ಲದಿದ್ದರೆ ರಬ್ಬರ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಸ್ಪ್ರಿಂಗ್ ಕಟ್ ಮಾಡಿಸಿದಾಗ ನನ್ನ ಕಾರಿನ ಬುಷ್‌ಗಳು ಹರಿದದ್ದು ಹಾಗೇ. ಎರಡನೇ ಸಲ ಆ ಬೋಲ್ಟ್ ಬಿಗಿಯುವಾಗ ಮೆಕ್ಯಾನಿಕ್ ಪಕ್ಕದಲ್ಲೇ ನಿಂತಿದ್ದೆ. ಅವರಿಗೆ ಕಿರಿಕಿರಿ ಆಯಿತು, ಆಗಲಿ ಬಿಡಿ.